‘ಒಂದು ತಿಂಗಳು ಗ್ಯಾರಂಟಿ’ ಅಂದ ವ್ಯಾಕ್ಸಿಂಗ್ ಐದೇ ದಿನಕ್ಕೆ ಮುಳ್ಳಾದರೆ

ಮದುವೆಗೆ ಹತ್ತು ದಿನ ಇರುವಾಗ ಹುಡುಗಿ ಪಾರ್ಲರಿಗೆ ಹೋದಳು. ಫುಲ್ ಆರ್ಮ್ಸ್, ಫುಲ್ ಲೆಗ್ಸ್, ಅಂಡರ್ ಆರ್ಮ್ಸ್, ಅಪ್ಪರ್ ಲಿಪ್ ಎಲ್ಲ ಸೇರಿದ ಬ್ರೈಡಲ್ ಪ್ಯಾಕೇಜು. ‘ಒಂದು ತಿಂಗಳು ಕೂದಲು ತಲೆ ಎತ್ತಲ್ಲ ಮೇಡಂ, ಗ್ಯಾರಂಟಿ’ ಅಂದರು. ಐದನೇ ದಿನ ಮೀನಖಂಡ ಸವರಿದರೆ ತೆಂಗಿನ ನಾರು ಮುಟ್ಟಿದ ಹಾಗೆ. ಫೋನ್ ಮಾಡಿ ಕೇಳಿದ್ದಕ್ಕೆ ‘ನಿಮ್ಮದು ಹಾರ್ಮೋನ್ ಕೂದಲು, ಬೇಗ ಬೆಳೆಯುತ್ತೆ, ಬನ್ನಿ, ಫ್ರೀಯಾಗಿ ಟಚ್ ಅಪ್ ಮಾಡ್ತೀವಿ’ ಅನ್ನುವ ಉತ್ತರ. ಏಳನೇ ದಿನ ಅದೇ ಕಾಲಿಗೆ, ಅದೇ ಮೇಲ್ದುಟಿಗೆ ಎರಡನೇ ಸಲ ವ್ಯಾಕ್ಸ್ ಬಿತ್ತು. ಮಾರನೇ ದಿನ ಅರಿಶಿನ ಶಾಸ್ತ್ರ. ಎಣ್ಣೆ-ಅರಿಶಿನ ತಾಗಿದ್ದೇ ತಡ, ಕೂತಲ್ಲಿ ಕೂರಲಾಗದಷ್ಟು ಉರಿ. ಮುಹೂರ್ತದ ಹೊತ್ತಿಗೆ ಎರಡೂ ಕಾಲಲ್ಲಿ ಕೀವುಗುಳ್ಳೆ, ಮೂಗಿನ ಕೆಳಗೆ ಎಂಟಾಣೆ ನಾಣ್ಯದಷ್ಟು ಜಾಗದಲ್ಲಿ ಚರ್ಮ ಎದ್ದು ಕೆಂಪು ಗಾಯ. ಗಾಯವೇನೋ ವಾರದಲ್ಲಿ ಒಣಗಿತು. ಅದರ ಕಂದು ಕಲೆ ತಿಂಗಳುಗಟ್ಟಲೆ ಉಳಿಯಿತು.

ಇದು ಅವಳೊಬ್ಬಳ ದುರದೃಷ್ಟ ಅಲ್ಲ. ಮದುವೆ ಸೀಸನ್ನಿನಲ್ಲಿ ಇಂಥವು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ, ಕಾರಣಗಳೂ ಹೆಚ್ಚುಕಡಿಮೆ ಅವೇ.

ಮೊದಲು ಆ ಗ್ಯಾರಂಟಿಯ ಮಾತು. ಕಾಲಿನ ಕೂದಲು ದಿನಕ್ಕೆ ಸುಮಾರು 0.2ರಿಂದ 0.3 ಮಿಲಿಮೀಟರ್ ಬೆಳೆಯುತ್ತದೆ. ಅದರ ಬೇರು ಚರ್ಮದೊಳಗೆ ಮೂರು-ನಾಲ್ಕು ಮಿಲಿಮೀಟರ್ ಆಳದಲ್ಲಿ ಕೂತಿರುತ್ತದೆ. ಬೇರುಸಮೇತ ಕಿತ್ತು ಬಂದಿದ್ದರೆ ಹೊಸ ಕೂದಲು ಅಷ್ಟೂ ಆಳದಿಂದ ಮೇಲೆ ಬರಬೇಕು. ಎಷ್ಟೇ ಬೇಗ ಅಂದರೂ ಹತ್ತು ದಿನದಿಂದ ಎರಡು ವಾರ ಹಿಡಿಯುವ ದಾರಿ ಅದು. ಐದು ದಿನಕ್ಕೆ ಕೈಗೆ ಚುಚ್ಚುವ ಕೂದಲು ಬೆಳೆದು ಬಂದ ಕೂದಲೇ ಅಲ್ಲ. ಕಿತ್ತುಬರದೆ ಚರ್ಮದ ಮಟ್ಟದಲ್ಲಿ ತುಂಡಾಗಿ ಒಳಗೇ ಉಳಿದದ್ದು. ಯಾವ ಹಾರ್ಮೋನೂ ಕಾಲಿನ ಕೂದಲನ್ನು ಐದು ದಿನದಲ್ಲಿ ಬೇರಿನಿಂದ ತುದಿಗೆ ತರುವುದಿಲ್ಲ. ಪಿಸಿಓಡಿ (ಅಂಡಾಶಯದ ಹಾರ್ಮೋನ್ ಏರುಪೇರು) ಇದ್ದವರಿಗೆ ಗಲ್ಲದ, ಕತ್ತಿನ ದಪ್ಪ ಕೂದಲು ವಾರ-ಹತ್ತು ದಿನಕ್ಕೆ ಮರಳಿ ಕಾಣುವುದು ನಿಜ. ಅಲ್ಲಿ ಕೂದಲು ಬೇಗ ಬೆಳೆಯುವುದೂ ಹೌದು, ಬೇರೆ ಬೇರೆ ರಂಧ್ರಗಳಿಂದ ಸರದಿಯಂತೆ ಹೊರಬರುತ್ತಿರುವುದೂ ಹೌದು. ಅಂಥವರು ವ್ಯಾಕ್ಸ್ ಬದಲಿಸುವ ಮೊದಲು ಡಾಕ್ಟರ ಹತ್ತಿರ ಹೋಗಿ ಹಾರ್ಮೋನ್ ತಪಾಸಣೆ ಮಾಡಿಸುವುದು ಮೇಲು. ಆದರೆ ಆ ಹೆಸರನ್ನು ಕೆಟ್ಟ ಕೈಕೆಲಸಕ್ಕೆ ಹೊದಿಕೆ ಮಾಡಬಾರದು.

ತುಂಡಾಗಿದೆಯೋ ಕಿತ್ತು ಬಂದಿದೆಯೋ ಅಂತ ನೋಡುವುದು ಸುಲಭ, ಪಾರ್ಲರಿನಲ್ಲಿ ಕೂತಲ್ಲೇ ನೋಡಬಹುದು. ಮೊದಲ ಸ್ಟ್ರಿಪ್ ಎಳೆದ ಕೂಡಲೇ ಅದನ್ನು ಕೈಗೆ ಇಸಿದುಕೊಂಡು ಟ್ಯೂಬ್‌ಲೈಟಿನ ಕೆಳಗೆ ಹಿಡಿಯಿರಿ. ಬೇರುಸಮೇತ ಬಂದ ಕೂದಲಿನ ಒಂದು ತುದಿಯಲ್ಲಿ ಸಾಸಿವೆಗಿಂತಲೂ ಎಷ್ಟೋ ಚಿಕ್ಕದಾದ ಬಿಳಿಯೋ ಕಪ್ಪೋ ಗುಂಡು ಇರುತ್ತದೆ, ಕೆಲವೊಮ್ಮೆ ಅದರ ಸುತ್ತ ಪಾರದರ್ಶಕ ಪೊರೆಯೂ ಇರುತ್ತದೆ. ಎರಡೂ ತುದಿ ಬೋಳಾಗಿದ್ದರೆ ಅದು ತುಂಡಾದ ಕೂದಲು. ಹತ್ತರಲ್ಲಿ ಒಂದೆರಡು ತುಂಡಾಗುವುದು ಎಲ್ಲ ಕಡೆ ಇದ್ದದ್ದೇ. ಅರ್ಧಕ್ಕರ್ಧ ಹಾಗಿದ್ದರೆ ಅಲ್ಲಿಗೇ ನಿಲ್ಲಿಸಲು ಹೇಳಿ, ದಾಕ್ಷಿಣ್ಯ ಬೇಡ. ಮನೆಗೆ ಬಂದಮೇಲೂ ಬೆರಳಿಗೇ ಗೊತ್ತಾಗುತ್ತದೆ: ತುಂಡಾದದ್ದರ ತುದಿ ಮೊಂಡು, ಚುಚ್ಚುತ್ತದೆ, ಹೊಸದಾಗಿ ಹುಟ್ಟಿದ್ದರ ತುದಿ ಸೂಜಿಯ ಹಾಗೆ ಸಪೂರ, ಆದರೆ ಮೆತ್ತಗೆ. ವ್ಯಾಕ್ಸ್ ಮಾಡಿದರೆ ಕೂದಲು ತೆಳುವಾಗುತ್ತದೆ ಅನ್ನುವ ಮಾತಿನ ಹಿಂದೆ ಇರುವುದೂ ಬಹುಮಟ್ಟಿಗೆ ಈ ಸಪೂರ ತುದಿಯೇ.

ಆ ಹುಡುಗಿಯ ಕೂದಲು ತುಂಡಾದದ್ದೇಕೆ? ಎರಡು ವರ್ಷ ರೇಜರ್ ಹಾಕುತ್ತಿದ್ದವಳು, ಕೊನೆಯ ಸಲ ಹಾಕಿ ಹತ್ತೇ ದಿನಕ್ಕೆ ವ್ಯಾಕ್ಸಿಗೆ ಕೂತಳು. ಎರಡು-ಮೂರು ಮಿಲಿಮೀಟರ್ ಉದ್ದದ ಕೂದಲಿಗೆ ವ್ಯಾಕ್ಸ್ ಮೇಲೆ ಅಂಟಿದರೂ ಹಿಡಿತ ಸಿಗುವುದಿಲ್ಲ. ಕಾಲಿಂಚು, ಅಂದರೆ ಹತ್ತಿರ ಹತ್ತಿರ 6 ಮಿಲಿಮೀಟರ್ ಇರಬೇಕು. ಸ್ಕೇಲ್ ಇಲ್ಲದಿದ್ದರೆ ಒಂದು ಸೋನಾ ಮಸೂರಿ ಅಕ್ಕಿಕಾಳು ಪಕ್ಕದಲ್ಲಿಟ್ಟು ನೋಡಿ, ಅಷ್ಟಾದರೂ ಉದ್ದ ಬಂದಿರಲಿ. ರೇಜರ್ ಬಿಟ್ಟು ಅಷ್ಟು ಬೆಳೆಯಲು ಮೂರು ವಾರ ಬೇಕು, ನಿಧಾನ ಬೆಳೆಯುವವರಿಗೆ ನಾಲ್ಕು. ಅರ್ಧ ಇಂಚು ದಾಟಿದ್ದರೆ ಕತ್ತರಿಯಿಂದ ಟ್ರಿಮ್ ಮಾಡಿಕೊಳ್ಳಬೇಕು, ಇಲ್ಲವಾದರೆ ನೋವೂ ಜಾಸ್ತಿ, ಸಿಕ್ಕಿಕೊಂಡು ತುಂಡಾಗುವುದೂ ಜಾಸ್ತಿ.

ಎರಡನೆಯದು ಎಳೆಯುವ ರೀತಿ. ಇಲ್ಲೇ ಒಳ್ಳೆಯ ಕೈ ಮತ್ತು ಅವಸರದ ಕೈ ಬೇರೆಯಾಗುವುದು. ಚರ್ಮದ ಮೇಲೆ ಎಣ್ಣೆ, ಲೋಷನ್, ಬೆವರು ಇರಬಾರದು. ಒರೆಸಿ, ಒಣಗಿಸಿ, ತೆಳ್ಳಗೆ ಪೌಡರ್ ಹಾಕಬೇಕು. ಹಿಟ್ಟು ಸವರಿದ ಹಾಗೆ ದಪ್ಪಗೆ ಹಾಕಿದರೆ ವ್ಯಾಕ್ಸ್ ಪೌಡರನ್ನೇ ಹಿಡಿಯುತ್ತದೆ, ಕೂದಲನ್ನಲ್ಲ. ಹನಿ ವ್ಯಾಕ್ಸ್ ಕಡ್ಡಿಯಿಂದ ಜೇನಿನ ಹಾಗೆ ಎಳೆಯಾಗಿ ಇಳಿಯಬೇಕು. ಮುದ್ದೆಯಾಗಿ ಬಿದ್ದರೆ ತಣ್ಣಗಾಗಿದೆ ಎಂದರ್ಥ, ದಪ್ಪಗೆ ಕೂತು ಕೂದಲನ್ನು ಮುರಿಯುತ್ತದೆ. ನೀರಿನ ಹಾಗೆ ಹರಿದರೆ ಬಿಸಿ ಮೀರಿದೆ, ಸುಡುತ್ತದೆ. ಕೂದಲು ಮಲಗಿರುವ ದಿಕ್ಕಿಗೆ ಹಚ್ಚಬೇಕು, ಅದೇ ದಿಕ್ಕಿಗೆ ಸ್ಟ್ರಿಪ್ ಒತ್ತಿ ಎರಡು-ಮೂರು ಸಲ ಉಜ್ಜಬೇಕು, ಇನ್ನೊಂದು ಕೈಯಲ್ಲಿ ಚರ್ಮ ಬಿಗಿಹಿಡಿದು ವಿರುದ್ಧ ದಿಕ್ಕಿಗೆ ಒಂದೇ ಏಟಿಗೆ ಎಳೆಯಬೇಕು. ಎಳೆಯುವಾಗ ಕೈ ಚರ್ಮಕ್ಕೆ ಒತ್ತಾಗಿ, ಸಮಾನಾಂತರವಾಗಿ ಹೋಗಬೇಕು. ಮೇಲಕ್ಕೆ, ಆಕಾಶದ ಕಡೆ ಎಳೆದರೆ ಕೂದಲು ರಂಧ್ರದ ಬಾಯಿಯಲ್ಲೇ ಮುರಿಯುತ್ತದೆ, ಕೆಳಗೆ ರಕ್ತ ಹೆಪ್ಪುಗಟ್ಟಿ ನೀಲಿ ಮಚ್ಚೆಯಾಗುತ್ತದೆ. ಮೊಣಕಾಲಿನ ಮೇಲೆ, ಮೀನಖಂಡದ ಪಕ್ಕಕ್ಕೆ ಕೂದಲಿನ ದಿಕ್ಕು ತಿರುಗುತ್ತದೆ. ಕಂಕುಳಲ್ಲಂತೂ ಎರಡು-ಮೂರು ದಿಕ್ಕು. ಅದನ್ನು ನೋಡದೆ ಉದ್ದಕ್ಕೆ ಒಂದೇ ಪಟ್ಟಿ ಹೊಡೆಯುವವರ ಕೈಯಲ್ಲಿ ಮೊದಲು ಮುಳ್ಳಾಗುವುದೂ ಈ ಜಾಗಗಳೇ. ಇನ್ನೊಂದು ಮಾತು: ಮಂಗಳೂರು, ಉಡುಪಿ, ಕಾರವಾರದ ಸೆಖೆಯಲ್ಲಿ ಸಕ್ಕರೆಯ ಹನಿ ವ್ಯಾಕ್ಸ್ ಬೆವರಿಗೆ ಬೇಗ ಜಾರುತ್ತದೆ. ಫ್ಯಾನ್ ಮಾತ್ರ ಇರುವ ಕೋಣೆಯಲ್ಲಿ ಮಧ್ಯಾಹ್ನಕ್ಕಿಂತ ಬೆಳಿಗ್ಗೆ ಮಾಡಿಸುವುದು ವಾಸಿ.

ಚಾಕೊಲೇಟ್ ವ್ಯಾಕ್ಸ್, ಅಲೋವೆರಾ ವ್ಯಾಕ್ಸ್, ಫ್ರೂಟ್ ವ್ಯಾಕ್ಸ್ ಹಾಕಿಸಿದರೆ ಹೆಚ್ಚು ದಿನ ಬರುತ್ತದೆ ಅಂತ ಇನ್ನೂರು-ಮುನ್ನೂರು ರೂಪಾಯಿ ಜಾಸ್ತಿ ಕೇಳಿದರೆ ಒಮ್ಮೆ ಯೋಚಿಸಿ. ಒಳ್ಳೆಯ ವ್ಯಾಕ್ಸ್ ಚರ್ಮಕ್ಕೆ ಕಡಿಮೆ ಅಂಟುತ್ತದೆ, ಚಿಕ್ಕ ಕೂದಲನ್ನು ಸ್ವಲ್ಪ ಚೆನ್ನಾಗಿ ಹಿಡಿಯುತ್ತದೆ, ಅಷ್ಟೇ. ಬೇರು ಬಂತೆಂದರೆ ಅದು ಯಾವ ಪರಿಮಳದ ವ್ಯಾಕ್ಸಿನಿಂದ ಬಂತು ಅನ್ನುವುದು ರಂಧ್ರಕ್ಕೆ ತಿಳಿಯುವುದಿಲ್ಲ.

ಹಾಗಾದರೆ ನಿಜಕ್ಕೂ ಎಷ್ಟು ದಿನ ಬರುತ್ತದೆ? ಸರಿಯಾಗಿ ಮಾಡಿದರೆ ಕೈ-ಕಾಲಿಗೆ ಮೂರರಿಂದ ನಾಲ್ಕು ವಾರ, ಸಣ್ಣ ಕೂದಲಿನವರಿಗೆ ಐದಾರು ವಾರವೂ ಆಗಬಹುದು. ಕಂಕುಳು ಮತ್ತು ಅಪ್ಪರ್ ಲಿಪ್ ಎರಡರಿಂದ ಮೂರು ವಾರ. ಮೊದಲ ಸಲ ಮಾಡಿಸಿದವರಿಗೆ ಇದಕ್ಕಿಂತ ಕಡಿಮೆ. ತಲೆಗೂದಲಲ್ಲಿ ಹೆಚ್ಚಿನ ಪಾಲು ಸದಾ ಬೆಳೆಯುತ್ತಲೇ ಇದ್ದರೆ, ಕಾಲಿನ ಕೂದಲಲ್ಲಿ ದೊಡ್ಡ ಪಾಲು ವಿಶ್ರಾಂತಿಯಲ್ಲೋ ಚರ್ಮದ ಒಳಗೋ ಇರುತ್ತದೆ. ಇವತ್ತು ಒಳಗಿರುವುದನ್ನು ಇವತ್ತಿನ ವ್ಯಾಕ್ಸ್ ಮುಟ್ಟುವಂತಿಲ್ಲ. ಅವು ಎರಡನೇ ವಾರದಲ್ಲಿ ಅಲ್ಲೊಂದು ಇಲ್ಲೊಂದು ತಲೆಹಾಕುತ್ತವೆ, ಅದು ಯಾರ ತಪ್ಪೂ ಅಲ್ಲ. ನಡುವೆ ರೇಜರ್ ಮುಟ್ಟದೆ ನಾಲ್ಕೈದು ವಾರಕ್ಕೊಮ್ಮೆ ಮೂರು-ನಾಲ್ಕು ಸಲ ಮಾಡಿಸಿದ ಮೇಲೆ ಅಂತರ ಒಂದು ಹದಕ್ಕೆ ಬರುತ್ತದೆ. ‘ಹತ್ತು ಸಿಟಿಂಗ್ ಆದಮೇಲೆ ಕೂದಲೇ ಬರಲ್ಲ’ ಅನ್ನುವ ಪ್ಯಾಕೇಜಿಗೆ ಮಾತ್ರ ಮುಂಗಡ ಕೊಡಬೇಡಿ. ವರ್ಷಗಟ್ಟಲೆ ಮಾಡಿಸಿದವರಲ್ಲಿ ಕೆಲವರಿಗೆ ವಿರಳವಾಗುತ್ತದೆ, ಇನ್ನು ಕೆಲವರಿಗೆ ಏನೂ ಆಗುವುದಿಲ್ಲ.

ಇನ್ನು ಏಳನೇ ದಿನದ ಆ ಫ್ರೀ ಟಚ್ ಅಪ್. ಕಾಲು ಹಾಳಾದದ್ದು ಅಲ್ಲಿ. ಒಂದು ಸಲ ವ್ಯಾಕ್ಸ್ ಎಳೆದಾಗ ಕೂದಲಿನ ಜೊತೆ ಚರ್ಮದ ಮೇಲಿನ ಸತ್ತ ಪದರವೂ ಹೋಗುತ್ತದೆ. ಹೊಸ ಪದರ ಗಟ್ಟಿಯಾಗುವ ಮುಂಚೆ, ಅದೂ ಒಂದೆರಡು ಮಿಲಿಮೀಟರ್ ಮೊಂಡು ಕೂದಲಿನ ಮೇಲೆ ಮತ್ತೆ ಎಳೆದರೆ ಕೂದಲು ಇನ್ನೂ ಆಳದಲ್ಲಿ ತುಂಡಾಗುತ್ತದೆ, ಚರ್ಮ ಮಾತ್ರ ಸುಲಿಯುತ್ತದೆ. ಆಳದಲ್ಲಿ ತುಂಡಾದದ್ದು ಹೊರದಾರಿ ತಪ್ಪಿ ಒಳಗೇ ಬಾಗಿ ಬೆಳೆಯುತ್ತದೆ, ಸುತ್ತ ಗುಳ್ಳೆ ಏಳುತ್ತದೆ. ತೆರೆದ ರಂಧ್ರಕ್ಕೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸೇರಿದರೆ ಕೀವು. ಅದರ ಮೇಲೆ ಮಾರನೇ ದಿನವೇ ಎಣ್ಣೆ-ಅರಿಶಿನ ತಿಕ್ಕಿದರು, ಹತ್ತಾರು ಜನರ ಕೈ ಬೇರೆ. ಕಡ್ಡಿಯ ವಿಷಯವನ್ನೂ ಇಲ್ಲೇ ಹೇಳಬೇಕು. ಒಬ್ಬರ ಮೈಗೆ ತಾಗಿಸಿದ ಕಡ್ಡಿಯನ್ನೋ ಚಾಕುವನ್ನೋ ಮತ್ತೆ ಅದೇ ಡಬ್ಬಕ್ಕೆ ಅದ್ದುವುದು ಬಹಳ ಕಡೆ ನಡೆದಿದೆ. ಹೀಟರಿನ ಬಿಸಿಗೆ ಎಲ್ಲ ಸಾಯುತ್ತದೆ ಅನ್ನುವುದು ಸುಳ್ಳು, ಮೈಗೆ ತಾಳುವಷ್ಟು ಬಿಸಿಯಲ್ಲಿ ಕ್ರಿಮಿ ಸಾಯುವುದಿಲ್ಲ. ಪ್ರತಿ ಅದ್ದುವಿಕೆಗೂ ಹೊಸ ಮರದ ಕಡ್ಡಿ ಇರಬೇಕು, ಇಲ್ಲವೇ ನಿಮಗೆ ಬೇಕಾದಷ್ಟನ್ನು ಬೇರೆ ಬಟ್ಟಲಿಗೆ ಹಾಕಿಸಿಕೊಳ್ಳಿ.

ಮೇಲ್ದುಟಿಯ ಗಾಯಕ್ಕೆ ಕಾರಣ ಬೇರೆ, ಅದು ಪಾರ್ಲರಿನ ಕೋಣೆಗೆ ಬರುವ ಮೊದಲೇ ಶುರುವಾಗಿತ್ತು. ಮದುವೆಗೆ ಮುಖ ತಿಳಿಯಾಗಲಿ ಅಂತ ಮೆಡಿಕಲ್ ಶಾಪಿನಿಂದ ತಂದ ಕ್ರೀಮನ್ನು ಎರಡು ತಿಂಗಳಿಂದ ರಾತ್ರಿ ಹಚ್ಚುತ್ತಿದ್ದಳು. ಟ್ಯೂಬ್ ತಿರುಗಿಸಿ ಓದಿದರೆ ಹೈಡ್ರೊಕ್ವಿನೋನ್, ಟ್ರೆಟಿನಾಯಿನ್, ಮೊಮೆಟಾಸೋನ್. ಇದು ಬಂಗು ಅನ್ನುವ ಮುಖದ ಕಂದು ಮಚ್ಚೆಗೆ ಡಾಕ್ಟರು ಕೆಲವು ವಾರದ ಮಟ್ಟಿಗೆ ಬರೆಯುವ ಔಷಧಿ, ಬೆಳ್ಳಗಾಗಲು ದಿನಾ ಹಚ್ಚುವ ಕ್ರೀಮಲ್ಲ. ಟ್ರೆಟಿನಾಯಿನ್ ಮೇಲ್ಪದರವನ್ನು ಸಡಿಲ ಮಾಡುತ್ತದೆ, ಮೊಮೆಟಾಸೋನ್ ಅನ್ನುವ ಸ್ಟೀರಾಯ್ಡ್ ಚರ್ಮವನ್ನೇ ತೆಳ್ಳಗೆ ಮಾಡುತ್ತದೆ. ಅಂಥ ಚರ್ಮಕ್ಕೆ ವ್ಯಾಕ್ಸ್ ಅಂಟಿಸಿ ಎಳೆದರೆ ಹಾಲಿನ ಕೆನೆ ಎದ್ದ ಹಾಗೆ ಎದ್ದು ಬರುತ್ತದೆ. ಟ್ರೆಟಿನಾಯಿನ್, ಅಡಾಪಲೀನ್, ಗ್ಲೈಕೋಲಿಕ್ ಆಸಿಡ್ ಹಚ್ಚುವವರು ಕನಿಷ್ಠ ಒಂದು ವಾರ ಮೊದಲೇ ಬಿಡಬೇಕು. ಸ್ಟೀರಾಯ್ಡ್ ಸೇರಿದ್ದಾದರೆ ಥಟ್ಟನೆ ನೀವೇ ನಿಲ್ಲಿಸದೆ ಡಾಕ್ಟರನ್ನು ಕೇಳಿ, ಮುಖಕ್ಕೆ ವ್ಯಾಕ್ಸ್ ಯೋಚನೆ ಬಿಡಿ, ದಾರದ ಥ್ರೆಡ್ಡಿಂಗೇ ಸಾಕು. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವವರಿಗೆ ಮೈಯ ಯಾವ ಭಾಗಕ್ಕೂ ವ್ಯಾಕ್ಸ್ ಸಲ್ಲದು, ಮಾತ್ರೆ ಬಿಟ್ಟು ಆರು ತಿಂಗಳು ಕಳೆಯಬೇಕು. ಸಕ್ಕರೆ ಕಾಯಿಲೆ ಇರುವವರು, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು, ಕಾಲಲ್ಲಿ ನರ ಉಬ್ಬಿರುವವರು ಮೊದಲೇ ಡಾಕ್ಟರ ಹತ್ತಿರ ಮಾತಾಡಿ. ಪಾರ್ಲರಿನವರು ಇದನ್ನೆಲ್ಲ ಕೇಳಬೇಕು. ಕೇಳದಿದ್ದರೆ ನೀವಾಗಿಯೇ ಹೇಳಿ.

ಮದುವೆಯ ಲೆಕ್ಕ ಹೀಗಿಡಿ. ಎಂದೂ ವ್ಯಾಕ್ಸ್ ಮಾಡಿಸದವರು ಎರಡು ತಿಂಗಳು ಮೊದಲು ಒಂದು ಸಲ ಮಾಡಿಸಿ ಚರ್ಮದ ಸ್ವಭಾವ ನೋಡಿಕೊಳ್ಳಬೇಕು, ಮತ್ತೊಂದು ಸಲ ಅದಾಗಿ ನಾಲ್ಕೈದು ವಾರಕ್ಕೆ. ಕೊನೆಯದು ಅರಿಶಿನ ಶಾಸ್ತ್ರಕ್ಕೆ ಕನಿಷ್ಠ ಮೂರು ದಿನ ಮುಂಚೆ ಮುಗಿದಿರಲಿ. ಮೆಹಂದಿ ವ್ಯಾಕ್ಸ್ ಆದಮೇಲೆಯೇ. ಮೊದಲು ಮೆಹಂದಿ ಹಾಕಿಸಿ ಆಮೇಲೆ ಕೈಗೆ ವ್ಯಾಕ್ಸ್ ಎಳೆದರೆ ಬಣ್ಣ ಚರ್ಮದ ಪದರದ ಜೊತೆಗೇ ಹೋಗುತ್ತದೆ. ಕಪ್ಪು ಮೆಹಂದಿ ಕೋನನ್ನು ಹೊಸದಾಗಿ ವ್ಯಾಕ್ಸ್ ಮಾಡಿದ ಕೈಗೆ ಹತ್ತಿರ ತರಬೇಡಿ, ಅದರಲ್ಲಿ ಬೆರೆಸುವ ಹೇರ್ ಡೈ ರಾಸಾಯನಿಕಕ್ಕೆ ಬೊಕ್ಕೆ ಏಳುವುದುಂಟು.

ವ್ಯಾಕ್ಸ್ ಆದ ಮೊದಲ ಎರಡು ದಿನ ಬಿಸಿನೀರಿನ ಸ್ನಾನ, ಬಿಗಿ ಲೆಗ್ಗಿಂಗ್ಸ್, ಜಿಮ್, ಈಜು, ಕಂಕುಳಿಗೆ ಡಿಯೋಡರೆಂಟ್ ಯಾವುದೂ ಬೇಡ. ಮೂರನೇ ದಿನದಿಂದ ವಾರಕ್ಕೆರಡು ಸಲ ಮೆತ್ತನೆಯ ಬಟ್ಟೆಯಲ್ಲೋ ಲೂಫಾದಲ್ಲೋ ಹಗುರವಾಗಿ ಉಜ್ಜಿ, ದಿನಾ ಮಾಯಿಶ್ಚರೈಸರ್ ಹಚ್ಚಿದರೆ ಕೂದಲು ಒಳಗೆ ಸಿಕ್ಕಿಕೊಳ್ಳುವುದು ಕಡಿಮೆಯಾಗುತ್ತದೆ.

ಈಗಾಗಲೇ ಐದನೇ ದಿನಕ್ಕೆ ಮುಳ್ಳು ಬಂದು ಕೂತಿದ್ದರೆ, ಕರೆದರೂ ಟಚ್ ಅಪ್‌ಗೆ ಹೋಗಬೇಡಿ. ತುಂಡಾದದ್ದು ಅಕ್ಕಿಕಾಳಿನಷ್ಟು ಉದ್ದವಾಗುವವರೆಗೆ ಬಿಡಿ. ಕಾಯಲಾಗದಷ್ಟು ಹತ್ತಿರ ಸಮಾರಂಭ ಇದ್ದು, ಗುಳ್ಳೆ-ಗಾಯ ಏನೂ ಇಲ್ಲದಿದ್ದರೆ, ಹೊಸ ಬ್ಲೇಡು, ಸೋಪಿನ ನೊರೆ, ಕೂದಲಿನ ದಿಕ್ಕಿಗೆ ಹಗುರವಾಗಿ ಒಂದು ಸಲ ರೇಜರ್. ಒಂದೆರಡು ದಿನಕ್ಕೆ ಸಾಕಾಗುತ್ತದೆ, ಮದುವೆಗೆ ಬೇಕಾದ್ದೂ ಅಷ್ಟೇ. ಅಷ್ಟಕ್ಕೂ ರೇಷ್ಮೆ ಸೀರೆಯೊಳಗಿನ ಮೀನಖಂಡವನ್ನು ಯಾರೂ ನೋಡುವುದಿಲ್ಲ. ಗುಳ್ಳೆಯಲ್ಲಿ ಕೀವು ಕಂಡರೆ ಹಿಸುಕಬಾರದು, ಸೂಜಿಯಲ್ಲಿ ಕೂದಲು ಎಬ್ಬಿಸಬಾರದು. ಗುಳ್ಳೆ ಹರಡುತ್ತಿದ್ದರೆ, ಜ್ವರ ಬಂದರೆ ಅದೇ ದಿನ ಡಾಕ್ಟರು. ಚರ್ಮ ಎದ್ದಿದ್ದರೆ ತಣ್ಣೀರಲ್ಲಿ ತೊಳೆದು, ಒತ್ತಿ ಒಣಗಿಸಿ, ಬರೀ ಪೆಟ್ರೋಲಿಯಂ ಜೆಲ್ಲಿ ತೆಳ್ಳಗೆ ಹಚ್ಚಿ. ಅರಿಶಿನ, ನಿಂಬೆರಸ, ಟೂತ್‌ಪೇಸ್ಟ್, ಬ್ಲೀಚ್ ಬೇಡ. ಗಾಯ ಮಾಗಿದ ಮೇಲೆ ಬಿಸಿಲಿಗೆ ಹೋಗುವಾಗೆಲ್ಲ ಅಲ್ಲಿಗೆ ಸನ್‌ಸ್ಕ್ರೀನ್ ಹಚ್ಚದಿದ್ದರೆ ನಮ್ಮ ಬಣ್ಣದ ಚರ್ಮದಲ್ಲಿ ಕಂದು ಕಲೆ ಇನ್ನಷ್ಟು ಕಪ್ಪಾಗುತ್ತದೆ. ಆ ಕಲೆ ತೆಗೆಯಲು ಮತ್ತೆ ಅದೇ ಮೂರು ಹೆಸರಿನ ಟ್ಯೂಬ್ ಹುಡುಕಿಕೊಂಡು ಮೆಡಿಕಲ್ ಶಾಪಿಗೆ ಹೋಗಬೇಡಿ.