ಪೇಟಿಯ ಎಡಗೈಗೆ ಯಾರು ಸರಿ: ಪೀಟರ್ಸನ್, ಮಂಕ್, ಎವನ್ಸ್?

ಕಲಬುರಗಿಯ ಭಜನೆಗಳಲ್ಲಿ ಹದಿನೈದು ವರ್ಷ ಪೇಟಿ, ಅಂದರೆ ಹಾರ್ಮೋನಿಯಂ, ನುಡಿಸಿದವನು ನಾನು. ಎಡಗೈಗೆ ಗೊತ್ತಿದ್ದದ್ದು ತಿದಿ ಒತ್ತುವುದೊಂದೇ. 61 ಮನೆಯ (ಒತ್ತುವ ಪಟ್ಟಿಗಳ) ಕೀಬೋರ್ಡ್ ಕೊಂಡ ಮೇಲೆ ಅದಕ್ಕೆ ಕೆಲಸವೇ ಇಲ್ಲ, ಸುಮ್ನೆ ತೊಡೆ ಮೇಲೆ ಕೂತಿರುತ್ತಿತ್ತು. ಜಾಝ್ ಹುಚ್ಚು ಹಿಡಿಸಿದ್ದು ಪಿಯಾನೋ ವಾದಕ ಬಿಲ್ ಎವನ್ಸ್. ಆದರೂ ಎಡಗೈ ಪಾಠಕ್ಕೆ ಅಂಥ ಮೂವರು ಜಾಝ್ ಪಿಯಾನೋದವರನ್ನು ಹಿಡಿದು ನೋಡಿದೆ.

ಆಸ್ಕರ್ ಪೀಟರ್ಸನ್ ಹತ್ತಿರ ಒಂದು ವಾರವೂ ನಿಲ್ಲಲಿಲ್ಲ. ಅವರ ಎಡಗೈ ಕೆಳಗಿನ 'ಸ'ದಿಂದ ಮೇಲಿನ ಸಪ್ತಕದ 'ಗ'ವರೆಗೆ ಸಲೀಸಾಗಿ ಚಾಚುತ್ತಿತ್ತು. ನನ್ನದು ಮೇಲಿನ ಸ ಮುಟ್ಟಿದರೇ ದೊಡ್ಡದು. 1993ರಲ್ಲಿ ಪಾರ್ಶ್ವವಾಯು ಬಡಿದು ಅವರ ಎಡಗೈ ಬಲ ಕುಂದಿತು, ಆಮೇಲೂ ಕಛೇರಿ ಬಿಡಲಿಲ್ಲ. ಕೇಳೋಕೆ ಅವರೇ ಬೇಕು, ಕಲಿಯೋಕೆ ಬೇಡ.

ಥೆಲೋನಿಯಸ್ ಮಂಕ್ ಪೇಟಿಯವರಿಗೆ ಹತ್ತಿರ. ಎಡಗೈಗೆ ಎಷ್ಟೋ ಸಲ ಎರಡೇ ಮನೆ: ಮೂಲ ಸ್ವರ, ಅದರ ಏಳನೆಯದು. ಪಕ್ಕಪಕ್ಕದ ಎರಡು ಮನೆ ಒಟ್ಟಿಗೆ ಒತ್ತಿದರೆ ನಮ್ಮಲ್ಲಿ ತಪ್ಪು, ಅವರಲ್ಲಿ ಅದೇ ರುಚಿ. ಎರಡೇ ವಾರದಲ್ಲಿ ನನ್ನ ಎಡಗೈ ಎದ್ದು ಕೂತಿತು.

ಎವನ್ಸ್ ಹಾಗಲ್ಲ. ಬಿಳಿ ಒಂದನ್ನು (ಕೀಬೋರ್ಡಿನ C ಮನೆ) ಸ ಇಟ್ಟುಕೊಳ್ಳಿ. 'ರಿ'ಯ ಕಾರ್ಡಿಗೆ (ಕಾರ್ಡು ಅಂದರೆ ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಎಡಗೈಯಲ್ಲಿ ಮ ಧ ಸ ಗ. 'ಪ'ದ ಕಾರ್ಡಿಗೆ ಸ ಮಾತ್ರ 'ನಿ'ಗೆ ಇಳಿಯುತ್ತದೆ, ಉಳಿದ ಮೂರು ಬೆರಳು ಅಲ್ಲೇ. ಒಂದೇ ಬೆರಳು ಸರಿದರೆ ಬಣ್ಣವೇ ಬೇರೆ! ಆಮೇಲೆ 'ಸ'ದ ಕಾರ್ಡು: ಗ ಪ ನಿ ರಿ. ಅದರಲ್ಲಿ ಸ ಇಲ್ಲವೇ ಇಲ್ಲ.

ಭಜನೆ ಹಾಡುವ ಕಾಕಾ ಒಂದು ಸಂಜೆ ಕೇಳಿ, "ಷಡ್ಜ ಎಲ್ಲಿ ಹೋತೋ ತಮ್ಮಾ?" ಅಂದರು.

ಸರಿಯಾದ ಪ್ರಶ್ನೆ. 1961ರ ಜೂನ್ 25ರಂದು ನ್ಯೂಯಾರ್ಕಿನ ವಿಲೇಜ್ ವ್ಯಾನ್‌ಗಾರ್ಡ್ ಜಾಝ್ ಕ್ಲಬ್ಬಿನಲ್ಲಿ ನುಡಿಸುವಾಗ ಎವನ್ಸ್ ಪಕ್ಕದಲ್ಲಿ ಸ್ಕಾಟ್ ಲಫಾರೋ ಬಾಸ್ ಎಂಬ ದೊಡ್ಡ ತಂತಿವಾದ್ಯ ಹಿಡಿದು ನಿಂತಿದ್ದರು. ಮಂದ್ರ ನೋಡಿಕೊಳ್ಳಲು ಜನ ಇದ್ದರು. ನಮ್ಮ ಮನೆಯಲ್ಲಿ ಯಾರಿದ್ದಾರೆ? ಫೋನಿನಲ್ಲಿ ತಂಬೂರಿ ಹಚ್ಚಿಟ್ಟೆ. ಕೆಳಗೆ ಸ ಮೊಳಗಿದ ಕೂಡಲೇ ಮೇಲಿನ ಗ ಪ ನಿ ರಿ ಬಂದು ಅದರ ಮೇಲೆ ಕೂತವು. ಬೇರೆ ಕಾರ್ಡುಗಳಿಗೆ ತಂಬೂರಿ ಸ್ವಲ್ಪ ಅಡ್ಡ ಬರುತ್ತದೆ, ನನಗೆ ಅದೂ ಇಷ್ಟವೇ.

ಪೇಟಿಯಿಂದ ಬಂದವರು ಮೊದಲು ಮಂಕ್ ಹಿಡಿಯಿರಿ, ಬೇಗ ಕೈ ಏಳುತ್ತದೆ. ನಾನಂತೂ ಎವನ್ಸ್ ಬಿಡಲ್ಲ. ಮೇ ತಿಂಗಳ ರಾತ್ರಿ ಕರೆಂಟ್ ಹೋದರೆ ಮಾತ್ರ ಕೀಬೋರ್ಡ್ ಬಂದ್. ಆಗ ಮತ್ತೆ ಪೇಟಿ, ಎಡಗೈ ಮತ್ತೆ ತಿದಿಗೆ.