ಹೊಸಬರ ಕ್ವಿಲ್ಟ್ ಕಿಟ್: ಸೂಜಿ ದಾರ ಚೆನ್ನಾಗಿದೆ, ಕಲಿಸುವ ಕ್ರಮ ಸರಿಯಿಲ್ಲ

ಆನ್‌ಲೈನಲ್ಲಿ ಕ್ವಿಲ್ಟ್ (ಬಟ್ಟೆಯ ತುಂಡು, ಪದರಗಳನ್ನು ಸೇರಿಸಿ ಹೊಲಿದ ಹೊದಿಕೆ) ಕಿಟ್ ನೋಡಿ, ಮನೆಯವರಿಗೆಲ್ಲ ಕಲಿಸೋಣ ಅಂತ ತಗೊಳ್ಳಲು ಹೊರಟವರಿಗೆ ಇದು. ನಾನು ತರಿಸಿದ್ದು ಸುಮಾರು 1,500 ರೂಪಾಯಿಯ ಕಿಟ್, ಹೊಸಬರಿಗೆ ಅಂತಲೇ ಡಬ್ಬದ ಮೇಲೆ ಬರೆದಿತ್ತು. ಕಂಪನಿ ಹೆಸರು ಬಿಡಿ, ಸಾಮಾನಿನ ಬಗ್ಗೆ ಮಾತಾಡೋಣ. ಕಲಿಯಲು ಕೂತವರು ನನ್ನ ಮಗಳು, ನಾದಿನಿ, ನಾದಿನಿಯ ಒಂಬತ್ತನೇ ಕ್ಲಾಸಿನ ಮಗ, ಆಮೇಲೆ ತಾವಾಗಿಯೇ ಬಂದು ಕೂತ ನಮ್ಮ ಅತ್ತೆಯವರು. ಐದರಲ್ಲಿ ಎರಡೂವರೆ ಸ್ಟಾರ್ ಕೊಡುತ್ತೇನೆ.

ಡಬ್ಬದಲ್ಲಿ ಇರುವುದು: 5 ಇಂಚಿನ 36 ಹತ್ತಿ ಬಟ್ಟೆಯ ಚೌಕಗಳು, ಹಿಂಬದಿಗೆ ಒಂದು ಬಟ್ಟೆ, ಮಧ್ಯೆ ಹಾಕಲು ಪಾಲಿಯೆಸ್ಟರ್ ಪದರ, ಒಂದು ದಾರದ ಉಂಡೆ, ಸೂಜಿ ಪಾಕೆಟ್, ಬೆರಳಿಗೆ ಹಾಕುವ ಥಿಂಬಲ್, ಪ್ಲಾಸ್ಟಿಕ್ ಸ್ಕೇಲ್, ಸೂಚನೆಯ ಹಾಳೆ.

ಒಳ್ಳೆಯದು ಮೊದಲು. ದಾರ ನಿಜಕ್ಕೂ ಚೆನ್ನಾಗಿದೆ. ಮಷೀನ್‌ಗೆ ಹಾಕುವ ತೆಳು ದಾರವಲ್ಲ, ದಪ್ಪ ಹತ್ತಿ ದಾರ, ಮೂರು ಪದರ ದಾಟಿಸಿ ಎಳೆದರೂ ಪಟ್ ಅಂತ ಹರಿಯುವುದಿಲ್ಲ. ಸೂಜಿಗಳೂ ಸರಿಯಾದವೇ, ಕ್ವಿಲ್ಟಿಂಗ್‌ಗೆ ಅಂತ ಇರುವ ಗಿಡ್ಡ ಸೂಜಿಗಳು. ಆದರೆ ಅವುಗಳ ಕಣ್ಣು ತುಂಬಾ ಸಣ್ಣದು, ಅತ್ತೆಯವರಿಗೆ ದಾರ ಪೋಣಿಸಲು ಆಗಲೇ ಇಲ್ಲ, ನಾದಿನಿಗೂ ಕಷ್ಟವಾಯಿತು. ಸೂಜಿ ಪೋಣಿಸುವ ತಂತಿ ಯಾವುದೇ ಫ್ಯಾನ್ಸಿ ಸ್ಟೋರಿನಲ್ಲಿ ಚಿಲ್ಲರೆ ದುಡ್ಡಿಗೆ ಸಿಗುತ್ತದೆ. ಅದೊಂದನ್ನು ಡಬ್ಬದಲ್ಲಿ ಹಾಕಿದ್ದರೆ ಎಷ್ಟು ಅನುಕೂಲ ಆಗುತ್ತಿತ್ತು ಅಲ್ವಾ? ಥಿಂಬಲ್ ಒಂದೇ ಸೈಜು. ಸೂಜಿಯನ್ನು ಹಿಂದಿನಿಂದ ತಳ್ಳುವ ನಡುಬೆರಳಿಗೆ ಅದು ಬಿಗಿಯಾಗಿ ಕೂರಬೇಕು, ಮಗಳ ಬೆರಳಿನಿಂದ ಜಾರಿ ಬೀಳುತ್ತಲೇ ಇತ್ತು.

ಇನ್ನು ಅಳತೆ. ಡಬ್ಬದ ಮೇಲೆ 30 ಇಂಚಿನ ಕ್ವಿಲ್ಟ್ ಅಂತ ಇದೆ. ಆರು ಐದಲೆ ಮೂವತ್ತು, ಲೆಕ್ಕ ಅಷ್ಟೇ ಮಾಡಿದ್ದಾರೆ. ಹೊಲಿಗೆಗೆ ಪ್ರತಿ ಅಂಚಿನಲ್ಲಿ ಕಾಲಿಂಚು ಒಳಗೆ ಹೋಗಬೇಕು, ಹಾಗಾಗಿ 5 ಇಂಚಿನ ಚೌಕ ನಾಲ್ಕೂವರೆ ಇಂಚಾಗಿ ನಿಲ್ಲುತ್ತದೆ, ಮುಗಿದ ಮೇಲೆ ಸಿಗುವುದು 27 ಇಂಚು. ಮಗುವಿಗೆ ಹೊದಿಸಲು ಅಂತ ತಗೊಂಡವರಿಗೆ ಇದು ದೊಡ್ಡ ವ್ಯತ್ಯಾಸವೇ. ಕೆಂಪು ಚೌಕಗಳು ಬಣ್ಣ ಬಿಡುತ್ತವೆ ಅನ್ನುವುದನ್ನೂ ಹೇಳಬೇಕು. ಹೊಲಿಯುವ ಮುಂಚೆ ಬಿಳಿ ಚಿಂದಿಯ ಜೊತೆ ನೀರಲ್ಲಿ ನೆನೆಸಿ ನೋಡುವುದು ನನ್ನ ರೂಢಿ, ಅದಕ್ಕೆ ಗೊತ್ತಾಯಿತು. ಕಸ್ಟಮರ್ ಕೇರ್‌ಗೆ ಬರೆದರೆ ಡ್ರೈಕ್ಲೀನ್ ಮಾಡಿಸಿ ಅಂದರು. ಮಕ್ಕಳು ಮಲಗುವ ಹೊದಿಕೆಯನ್ನು ಯಾರಾದರೂ ಡ್ರೈಕ್ಲೀನ್‌ಗೆ ಕೊಡುತ್ತಾರಾ?

ಇವೆಲ್ಲ ಸಣ್ಣ ತಕರಾರು. ನನ್ನ ಮುಖ್ಯ ತಕರಾರು ಸೂಚನೆಯ ಹಾಳೆಯ ಮೇಲೆ. ಅದರ ಪ್ರಕಾರ ಮೊದಲು 36 ಚೌಕಗಳನ್ನೂ ಒಂದಕ್ಕೊಂದು ಜೋಡಿಸಬೇಕು, ಆಮೇಲೆ ಪದರ ಇಡಬೇಕು, ಕೊನೆಗೆ ಮೂರೂ ಪದರ ಸೇರಿಸಿ ಹೊಲಿಯಬೇಕು. ಮಷೀನ್ ಇದ್ದರೆ ಸರಿ. ಕೈಯಲ್ಲಿ ಹೊಲಿಯುವವರಿಗೆ ಜೋಡಣೆಯೇ ಹತ್ತಿರ ಹತ್ತಿರ 24 ಅಡಿ ಹೊಲಿಗೆ, ಅದೂ ಎಲ್ಲ ಮೂಲೆ ಕೂಡಬೇಕು. ಹೊಸಬರ ಕೈ ಕಾಲಿಂಚಿಗಿಂತ ಇಂಚಿನ ಎಂಟನೇ ಒಂದು ಭಾಗ ಜಾಸ್ತಿ ಹಿಡಿಯಿತು ಅಂದುಕೊಳ್ಳಿ, ಎರಡೂ ಬಟ್ಟೆಯಿಂದ ಅಷ್ಟಷ್ಟು ಹೋಗಿ, ಸಾಲಿನ ಐದು ಜೋಡಣೆ ಮುಗಿಯುವಷ್ಟರಲ್ಲಿ ಒಂದೂಕಾಲು ಇಂಚು ಕಮ್ಮಿ. ಪಕ್ಕದ ಸಾಲು ಸರಿಯಾಗಿದ್ದರೆ ಎರಡೂ ಕೂಡುವುದೇ ಇಲ್ಲ. ‘ಅತ್ತೀ, ಇದು ಯಾಕ ಕೂಡವಲ್ದು?’ ಅಂತ ಹುಡುಗ ಎರಡು ಸಾಲು ಹಿಡಿದುಕೊಂಡು ಕೇಳಿದ. ಅವನು ಅಷ್ಟು ಹೊತ್ತು ಕೂತು ಹೊಲಿದಿದ್ದಾನೆ, ಬಿಚ್ಚು ಅಂತ ಹೇಗೆ ಹೇಳುವುದು? ಹೊಸದಾಗಿ ಕಲಿಯುವವರು ಬಿಟ್ಟು ಎದ್ದು ಹೋಗುವುದು ಇಲ್ಲೇ. ಪದರಗಳ ಮೇಲೆ ದಾರ ಓಡಿಸಿ, ಬಟ್ಟೆ ಉಬ್ಬಿ ತಗ್ಗಿ ರೂಪ ಬರುವುದನ್ನು ನೋಡುವ ಖುಷಿ ಅವರಿಗೆ ಸಿಗುವುದೇ ಇಲ್ಲ.

ಕೌದಿಯಲ್ಲಿ ಈ ತೊಂದರೆ ಇಲ್ಲ. ನಮ್ಮ ಧಾರವಾಡ, ಗದಗ, ಬಾಗಲಕೋಟೆ ಕಡೆ ಹಳೇ ಸೀರೆ, ಧೋತರಗಳನ್ನು ಪದರ ಪದರವಾಗಿ ನೆಲದ ಮೇಲೆ ಹಾಸಿ, ಮೇಲೆ ತುಂಡುಗಳನ್ನು ಇಟ್ಟು, ನೇರವಾಗಿ ಎಲ್ಲ ಪದರ ಸೇರಿಸಿಯೇ ಹೊಲಿಯುತ್ತಾರೆ. ಹಳಿಯಾಳ, ಯಲ್ಲಾಪುರ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕೌದಿ ನೋಡಿದ್ದೀರಾ? ಅಂಚಿನಿಂದ ಶುರು ಮಾಡಿ, ತುಂಡಿನ ಬದಿಯನ್ನು ಮಡಚುತ್ತಾ, ಸುತ್ತು ಹಾಕುತ್ತಾ ಮಧ್ಯಕ್ಕೆ ಬಂದು ಮುಗಿಸುತ್ತಾರೆ. ಮೂಲೆಗಳಲ್ಲಿ ಮಡಚಿದ ಬಟ್ಟೆಯ ಪುಟ್ಟ ಹೂವು, ಅದಕ್ಕೆ ಫುಲಾ ಅನ್ನುತ್ತಾರೆ. ಅಲ್ಲಿ ಚೌಕ ಕತ್ತರಿಸುವ ಅಳತೆಯೂ ಇಲ್ಲ, ಮೂಲೆ ಕೂಡಿಸುವ ಕಷ್ಟವೂ ಇಲ್ಲ. ತುಂಡು ಸಾಲದಿದ್ದರೆ ಇನ್ನೊಂದು ತುಂಡು ಇಟ್ಟರಾಯಿತು. ಕಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಅದಕ್ಕೇ ನಾನು ಹಾಳೆಯನ್ನು ಪಕ್ಕಕ್ಕಿಟ್ಟೆ. ಒಬ್ಬೊಬ್ಬರಿಗೆ ಒಂದೊಂದು ಒಂದೂವರೆ ಅಡಿ ಚೌಕದ ಹಳೇ ಸೀರೆಯ ಮೂರು ಪದರ, ಕುರ್ಚಿ ಮೇಲೆ ಹಾಸುವಷ್ಟು. ಮುಗಿಯುತ್ತದೆ ಅನ್ನುವ ಧೈರ್ಯ ಬರಬೇಕೆಂದರೆ ಸೈಜು ಇಷ್ಟೇ ಇರಬೇಕು. ಪದರ ಜಾರದಂತೆ ಮೊದಲು ದೊಡ್ಡ ದೊಡ್ಡ ಕಚ್ಚಾ ಹೊಲಿಗೆ, ಇದನ್ನು ಮಾತ್ರ ನಾನೇ ಹಾಕಿಕೊಟ್ಟೆ. ದಾರ ಒಂದು ಮೊಳ, ಅಂದರೆ ಸುಮಾರು 18 ಇಂಚು. ಮತ್ತೆ ಮತ್ತೆ ಪೋಣಿಸಬೇಕಲ್ಲ ಅಂತ ಎಲ್ಲರೂ ಉದ್ದ ದಾರ ತಗೊಳ್ಳುತ್ತಾರೆ, ಅದು ಸಿಕ್ಕಾಗಿ ಗಂಟು ಬಿದ್ದು ಇನ್ನೂ ಜಾಸ್ತಿ ಹೊತ್ತು ಹಿಡಿಯುತ್ತದೆ. ಹೊಲಿಗೆ ಸಣ್ಣದಾಗಿರಲಿ ಅಂತ ಹೇಳಲೇಬೇಡಿ. ಒಂದೇ ಸಮ ಇರಲಿ ಅಂತ ಹೇಳಿ. ಸಮ ಬಂದ ಕೈಗೆ ಸಣ್ಣದು ತಾನಾಗಿ ಬರುತ್ತದೆ. ಹೊಲಿಗೆ ಹಿಂದೆಯೂ ಬಂದಿದೆಯಾ ಅಂತ ಪ್ರತಿ ಸಾಲಿಗೆ ತಿರುಗಿಸಿ ನೋಡುವ ಅಭ್ಯಾಸ ಮಾಡಿಸಿ, ಕೆಳಗಿನ ಪದರ ತಪ್ಪಿಹೋಗುವುದು ಸಾಮಾನ್ಯ.

ಮನೆಯವರಿಗೆ ಕಲಿಸುವಾಗ ಎಲ್ಲರಿಗೂ ಒಂದೇ ಪಾಠ ಆಗುವುದಿಲ್ಲ. ಹುಡುಗನಿಗೆ ಹೊಲಿಗೆಗಿಂತ ಬಣ್ಣ ಜೋಡಿಸುವುದು ಇಷ್ಟ. ಕಿಟ್‌ನ ಚೌಕಗಳನ್ನು ಕತ್ತರಿಸಿ ತ್ರಿಕೋನ ಮಾಡಿ ಸೀರೆ ಪದರದ ಮೇಲೆ ಇಟ್ಟುಕೊಂಡು ಕೂತ, ನಾನು ತಡೆಯಲಿಲ್ಲ. ಮಗಳಿಗೆ ಒಂದೇ ಬಣ್ಣದ ಬಟ್ಟೆ, ಬೇರೆ ಬಣ್ಣದ ದಾರ ಕೊಟ್ಟೆ, ಅವಳ ಹೊಲಿಗೆ ಅವಳಿಗೇ ಎದ್ದು ಕಾಣಲಿ ಅಂತ. ಅತ್ತೆಯವರಿಗೆ ಕಸೂತಿ ಗೊತ್ತು. ಅದರಲ್ಲಿ ಗವಂತಿ ಅನ್ನುವ ಹೊಲಿಗೆ ಹಾಕುವಾಗ ಹೋದ ದಾರಿಯಲ್ಲೇ ವಾಪಸ್ ಬಂದು ಖಾಲಿ ಜಾಗ ತುಂಬುತ್ತಾರಲ್ಲ, ಆ ಕೈಗೆ ಸಮ ಹೊಲಿಗೆ ಹೇಳಿಕೊಡುವುದು ಏನೂ ಇರಲಿಲ್ಲ. ದೊಡ್ಡ ಕಣ್ಣಿನ ಸೂಜಿ ಕೊಟ್ಟು, ಮೂರು ಪದರ ಚುಚ್ಚುವಾಗ ಕೆಳಗೆ ಇನ್ನೊಂದು ಕೈ ಇಟ್ಟುಕೊಳ್ಳಿ ಅಂದೆ, ಅಷ್ಟೇ. ಆಮೇಲೆ ಮಗಳಿಗೆ ಅವರೇ ಕಲಿಸಿದರು, ನನಗಿಂತ ತಾಳ್ಮೆಯಿಂದ.

ಕಿಟ್‌ನ ಪಾಲಿಯೆಸ್ಟರ್ ಪದರವನ್ನು ಒಂದರಲ್ಲಿ ಹಾಕಿ ನೋಡಿದೆವು. ಜಾರುತ್ತದೆ, ಎಳೆಗಳು ಬಟ್ಟೆಯಿಂದ ಹೊರಗೆ ಬರುತ್ತವೆ, ನಮ್ಮ ಬಿಸಿಲಿಗೆ ಸೆಕೆ. ಹಳೇ ಹತ್ತಿ ಸೀರೆಗೆ ಅದು ಸಮವಲ್ಲ. ಸೀರೆ ಆರಿಸುವಾಗ ಎರಡೂ ಕೈಯಲ್ಲಿ ಹಿಡಿದು ಜಗ್ಗಿ ನೋಡಿ, ಚರ್ ಅಂದ ಭಾಗ ಬಿಟ್ಟು ಉಳಿದದ್ದು ತಗೊಳ್ಳಿ. ಸಿಂಥೆಟಿಕ್ ಸೀರೆ ಕಲಿಯುವವರಿಗೆ ಬೇಡ.

ಹಾಗಾದರೆ ಯಾರು ತಗೊಳ್ಳಬಹುದು? ಮಷೀನ್ ಇದೆ, ಅಳತೆ ಹಿಡಿದು ಹೊಲಿಯುವ ಅಭ್ಯಾಸ ಇದೆ, ಬಟ್ಟೆ ಕತ್ತರಿಸಲು ಬೇಜಾರು ಅನ್ನುವವರಿಗೆ ಪರವಾಗಿಲ್ಲ. ಚೌಕಗಳನ್ನು ನಿಜಕ್ಕೂ ನೇರವಾಗಿ ಕತ್ತರಿಸಿದ್ದಾರೆ. ಮಕ್ಕಳಿಗೆ, ಹಿರಿಯರಿಗೆ ಕೈ ಹೊಲಿಗೆ ಕಲಿಸಲು ಆದರೆ ದುಡ್ಡು ಉಳಿಸಿ. ಧಾರವಾಡದ ಸುಭಾಸ ರಸ್ತೆಯಲ್ಲೋ ಹುಬ್ಬಳ್ಳಿಯ ದುರ್ಗದಬೈಲಿನಲ್ಲೋ ದಪ್ಪ ಹತ್ತಿ ದಾರ, ಬೇರೆ ಬೇರೆ ಸೈಜಿನ ಸೂಜಿ, ಬೆರಳಿಗೆ ಹಾಕಿ ನೋಡಿ ಥಿಂಬಲ್ ತಗೊಳ್ಳಿ. ಬಟ್ಟೆ ಮನೆಯಲ್ಲೇ ಇದೆ.

ಕಿಟ್ ಮಾಡುವವರು ಇದನ್ನು ಓದಿದರೆ: ಮುಗಿದ ಅಳತೆಯನ್ನೇ ಡಬ್ಬದ ಮೇಲೆ ಹಾಕಿ. ಬಣ್ಣ ಬಿಡದ ಕೆಂಪು ಕೊಡಿ. ಥಿಂಬಲ್ ಎರಡು ಸೈಜು, ಸೂಜಿ ಪೋಣಿಸುವ ತಂತಿ ಒಂದು. ಹಾಳೆಯ ಮೊದಲ ಪುಟದಲ್ಲೇ ಒಂದು ಪುಟ್ಟ ಮೂರು ಪದರದ ತುಂಡು ಹೊಲಿಸಿ, ಜೋಡಣೆ ಆಮೇಲೆ. ಹಾಗೆ ಮಾಡಿದರೆ ಇನ್ನೊಂದು ಕಿಟ್ ನಾನೇ ತಗೊಳ್ಳುತ್ತೇನೆ, ನಾದಿನಿ ಆಗಲೇ ಕೇಳಿದ್ದಾಳೆ.