ಇಂಡಿಕೇಟರ್‌ಗೆ ಹಳೆಯ ಬಲ್ಬೇ, ಎಲ್‌ಇಡಿಯೇ?

ವಿಜಯಪುರ–ಸೊಲ್ಲಾಪುರ ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ರಾತ್ರಿ ಬೈಕ್ ಓಡಿಸುವವರ ಪ್ರಾಣ ಇಂಡಿಕೇಟರ್ ಮೇಲೆ ನಿಂತಿರುತ್ತದೆ. ಹಳೆಯ ಬಲ್ಬ್ ಅಗ್ಗ, ಎಲ್ಲೆಡೆ ಸಿಗುತ್ತದೆ. ಆದರೆ ಸಾಮಾನ್ಯವಾಗಿ 10 ವ್ಯಾಟ್ ಎಳೆಯುತ್ತದೆ, ರಸ್ತೆಯ ಕುಲುಕಾಟಕ್ಕೆ ಒಳಗಿನ ತಂತಿ ತುಂಡಾಗುತ್ತದೆ. ಎಲ್‌ಇಡಿಗೆ ಒಂದೆರಡು ವ್ಯಾಟ್ ಸಾಕು.

ತೊಡಕಿರುವುದು ಇಂಡಿಕೇಟರನ್ನು ಮಿನುಗಿಸುವ ಫ್ಲ್ಯಾಷರ್‌ನಲ್ಲಿ. ವಿದ್ಯುತ್ತಿನ ಎಳೆತ ಕಡಿಮೆಯಾದರೆ ಹಳೆಯ ಫ್ಲ್ಯಾಷರ್ ಪಟಪಟನೆ ಮಿನುಗಿಸುತ್ತದೆ, ಇಲ್ಲವೇ ಸುಮ್ಮನಾಗುತ್ತದೆ. ಆ ಎಳೆತವನ್ನು ಹೆಚ್ಚಿಸುವ ರೆಸಿಸ್ಟರ್ ಹಾಕಿದರೆ ಸರಿಹೋದರೂ ಅದು ವಿಪರೀತ ಕಾಯುತ್ತದೆ. ಉಳಿಸಿದ ವಿದ್ಯುತ್ತೂ ಅಲ್ಲೇ ಕರಗುತ್ತದೆ. ಎಲ್‌ಇಡಿಗೆ ಹೊಂದುವ ಫ್ಲ್ಯಾಷರನ್ನೇ ಹಾಕಿಸಿ. ಮೀಟರಿನಲ್ಲಿ ಎರಡೂ ಬದಿಗೆ ಒಂದೇ ದೀಪವಿದ್ದರೆ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಮಿನುಗಬಹುದು. ಆಗ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡ್ ಬೇಕು.

ಹಾಕಿಸಿದ ಮೇಲೆ ಮಧ್ಯಾಹ್ನದ ಬಿಸಿಲಲ್ಲಿ ಬೈಕ್ ಹಿಂದೆ ನಿಂತು ನೋಡಿ. ಮಂಕಾಗಿ ಕಂಡರೆ ಹಳೆಯ ಬಲ್ಬನ್ನೇ ಮರಳಿ ಹಾಕಿಸಿ.